ಓದುಗರ ಪ್ರಶ್ನೋತ್ತರ: ಇವತ್ತೇ ಹೊರಡೋಣ ಅಂದಾಗ

ಯೋಜನೆಯಿಲ್ಲದೆ ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಯಾವ ಕಡೆ ಹೋಗಬೇಕೆಂಬುದು ಕೊನೆಯ ಗಳಿಗೆಯಲ್ಲಿ ತೀರ್ಮಾನವಾದರೆ ಏನೂ ತೊಂದರೆಯಿಲ್ಲ. ಟೈರು, ಬ್ರೇಕು, ಮಕ್ಕಳ ಸೀಟು, ಸ್ಟಿಯರಿಂಗ್ ಬಿಟ್ಟು ಇಳಿಯುವ ಹೊತ್ತು, ಇವು ಮಾತ್ರ ಹೊರಡುವ ಮುಂಚೆಯೇ ಗೊತ್ತಾಗಿರಬೇಕು.

ಪ್ರಶ್ನೆ: ಬೆಳಿಗ್ಗೆ ಕಾಫಿ ಕುಡಿಯುವಾಗ ಹೊರಡುವ ಮಾತು ಬರುತ್ತದೆ, ಒಂದು ಗಂಟೆಯಲ್ಲಿ ಕಾರು ಗೇಟು ದಾಟಿರುತ್ತದೆ. ಗ್ಯಾರೇಜಿಗೆ ಒಯ್ಯಲು ಸಮಯವಿಲ್ಲ. ನಾವೇ ಏನು ನೋಡಿಕೊಳ್ಳಬಹುದು?

ಇಪ್ಪತ್ತು ನಿಮಿಷ ಸಾಕು. ಅದರಲ್ಲಿ ಅರ್ಧವನ್ನು ಟೈರಿಗೆ ಕೊಡಿ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಗೆ, ಗಾಳಿಯ ಒತ್ತಡದ ಚೀಟಿ ಅಂಟಿಸಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದರಲ್ಲಿ ಎರಡು ಲೆಕ್ಕ ಇರುತ್ತವೆ: ಒಂದಿಬ್ಬರು ಕೂತಾಗ ಒಂದು, ಸೀಟು-ಡಿಕ್ಕಿ ಎಲ್ಲ ತುಂಬಿದಾಗ ಇನ್ನೊಂದು. ದಿನವೂ ಕಚೇರಿಗೆ ಓಡುವ ಕಾರಿನಲ್ಲಿ ಮೊದಲನೆಯದೇ ಇರುತ್ತದೆ. ಐದು ಜನ, ನಾಲ್ಕು ಚೀಲ ಸೇರಿದಾಗ ಎರಡನೆಯದನ್ನು ತುಂಬಿಸಬೇಕು. ಸಾಮಾನ್ಯವಾಗಿ ಹಿಂದಿನ ಟೈರುಗಳಿಗೇ ಹೆಚ್ಚು ಬೇಕಾಗುತ್ತದೆ. ಟೈರಿನ ಪಕ್ಕದಲ್ಲೇ ಅಚ್ಚಾಗಿರುವ ಸಂಖ್ಯೆ ಆ ಟೈರು ತಡೆಯುವ ಗರಿಷ್ಠ ಮಿತಿ, ಅದನ್ನು ನೋಡಿ ಗಾಳಿ ತುಂಬಿಸಬೇಡಿ.

ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಒಳಗೆ ಬಿಸಿ ಏರುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯಲು ದೊಡ್ಡ ಕಾರಣ ಇದೇ. ಬಿಸಿಲಿಗೆ ಸಿಡಿದೀತೆಂದು ಗಾಳಿ ಕಡಿಮೆ ಮಾಡಿಸುವ ಅಭ್ಯಾಸ ಅನೇಕರಿಗಿದೆ, ಅದು ಅಪಾಯವನ್ನು ಹೆಚ್ಚಿಸುತ್ತದೆ. ಒತ್ತಡ ಅಳೆಯುವುದು ಟೈರು ತಣ್ಣಗಿರುವಾಗ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರುವಾಗ. ಓಡಿ ಬಂದ ಟೈರು ಮೂರ್ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಬೇಡಿ.

ಟೈರಿನ ಮೇಲೆ ಕೈಯಾಡಿಸಿ. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ, ಆ ಟೈರಿನಲ್ಲಿ ದೂರ ಹೋಗಲೇಬಾರದು. ಟೈರಿನ ಸುತ್ತ ಓಡುವ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಕಾಣುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಮುಗಿಯಿತು. ತಯಾರಾದ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ಕೊನೆಗೆ ಸ್ಟೆಪ್ನಿ. ವರ್ಷಗಟ್ಟಲೆ ಡಿಕ್ಕಿಯ ಕೆಳಗೆ ಮಲಗಿರುವ ಅದರಲ್ಲಿ ಬೇಕಾದ ಹೊತ್ತಿಗೆ ಗಾಳಿಯೇ ಇರುವುದಿಲ್ಲ. ಉಳಿದ ನಾಲ್ಕಕ್ಕೂ ತುಂಬಿಸುವಾಗ ಅದಕ್ಕೂ ತುಂಬಿಸಿ.

ಇನ್ನು ಬಾನೆಟ್. ಎಂಜಿನ್ ಆಯಿಲ್ ನೋಡಲು ಕಾರು ಸಮತಟ್ಟಾದ ನೆಲದಲ್ಲಿರಬೇಕು, ಎಂಜಿನ್ ನಿಂತು ಐದರಿಂದ ಹತ್ತು ನಿಮಿಷ ಆಗಿರಬೇಕು. ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಪೂರ್ತಿ ತೂರಿಸಿ ತೆಗೆದರೆ ಎರಡು ಗುರುತುಗಳ ನಡುವೆ ಎಣ್ಣೆ ಕಾಣಬೇಕು. ಮೊದಲ ಸಲ ಎಳೆದಾಗ ಕಂಡದ್ದನ್ನು ನಂಬಬೇಡಿ, ಅದು ಕೊಳವೆಗೆ ಸಿಡಿದ ಎಣ್ಣೆ. ಕೂಲಂಟ್ ಡಬ್ಬಿಯಲ್ಲಿ ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ದ್ರವ ಇರಲಿ. ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆರೆಯಿರಿ. ಒತ್ತಡದೊಳಗಿನ ಆ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬ್ರೇಕ್ ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಸ್ಟಾರ್ಟ್ ಮಾಡುವಾಗ ಎಂಜಿನ್ ಎಳೆದೆಳೆದು ತಿರುಗುತ್ತಿದ್ದು, ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದರೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡಲು ಜಂಪರ್ ಕೇಬಲ್ ಜೊತೆಗಿರಲಿ.

ಪ್ರಶ್ನೆ: ಮ್ಯಾಪ್ ಐದು ಗಂಟೆ ಎನ್ನುತ್ತದೆ, ನಾವು ತಲುಪುವಾಗ ಎಂಟು ಗಂಟೆ ಆಗಿರುತ್ತದೆ. ಸ್ಥಳ ನೋಡಲು ಬೆಳಕೇ ಉಳಿದಿರುವುದಿಲ್ಲ. ಲೆಕ್ಕ ಹಾಕುವುದು ಹೇಗೆ?

ಮ್ಯಾಪ್ ಹೇಳುವುದು ಚಕ್ರ ತಿರುಗುವ ಸಮಯವನ್ನು ಮಾತ್ರ. ಊಟ, ಶೌಚಾಲಯ, ಮಗುವಿನ ಬಟ್ಟೆ ಬದಲಿಸುವುದು, ಇಂಧನ ಯಾವುದೂ ಅದರ ಲೆಕ್ಕದಲ್ಲಿಲ್ಲ. ದೊಡ್ಡವರೇ ಇದ್ದರೆ ಅದರ ಮೇಲೆ ಮೂರನೇ ಒಂದು ಪಾಲು, ಚಿಕ್ಕ ಮಕ್ಕಳಿದ್ದರೆ ಅರ್ಧ ಪಾಲು ಸೇರಿಸಿಕೊಳ್ಳಿ.

ಲೆಕ್ಕವನ್ನು ಹಿಂದಿನಿಂದ ಹಾಕಿ. ಸಂಜೆ 7ಕ್ಕೆ ಮನೆಯಲ್ಲಿರಬೇಕು, ಬೆಳಿಗ್ಗೆ 8ಕ್ಕೆ ಹೊರಡುತ್ತೀರಿ ಎನ್ನೋಣ. ಕೈಯಲ್ಲಿರುವುದು 11 ಗಂಟೆ. ಹೋದ ಜಾಗದಲ್ಲಿ ನೆಮ್ಮದಿಯಾಗಿ ಕಳೆಯಲು 3 ಗಂಟೆ ತೆಗೆದಿಟ್ಟರೆ ದಾರಿಗೆ ಉಳಿಯುವುದು 8, ಹೋಗಲು 4, ಬರಲು 4. ಮಕ್ಕಳಿದ್ದರೆ ಆ 4 ಗಂಟೆಯಲ್ಲಿ ಮುಗಿಯುವುದು ಮ್ಯಾಪಿನ ಸುಮಾರು 2 ಗಂಟೆ 40 ನಿಮಿಷದ ದಾರಿ. ಇಷ್ಟೊಳಗೆ ಸಿಗುವ ಜಾಗಗಳಲ್ಲಿ ಒಂದನ್ನು ಆರಿಸಿ. ದಾರಿಯಲ್ಲಿ ಮಧ್ಯಾಹ್ನ 12 ದಾಟಿತೆಂದರೆ ಎಲ್ಲಿದ್ದೀರೋ ಅಲ್ಲೇ ಸುತ್ತಮುತ್ತ ನೋಡಿಕೊಂಡು ಹಿಂತಿರುಗಿ. ‘ಇನ್ನೇನು ಬಂದೇಬಿಟ್ಟಿತು’ ಎಂಬ ಮಾತಿನಿಂದಲೇ ರಾತ್ರಿಯ ಚಾಲನೆ ಶುರುವಾಗುವುದು.

ಮ್ಯಾಪನ್ನು ಹೊರಡುವ ಮುಂಚೆ ಫೋನಿಗೆ ಇಳಿಸಿಕೊಳ್ಳಿ. ಬೆಟ್ಟ ಕಾಡುಗಳಲ್ಲಿ ಸಿಗ್ನಲ್ ಹೋದಾಗ ದಾರಿ ತೋರಿಸುವುದು ಅದೊಂದೇ.

ಪ್ರಶ್ನೆ: ಏಳು ವರ್ಷದ ಮಗಳು ಕಾರು ಹತ್ತಿ ಮುಕ್ಕಾಲು ಗಂಟೆಯೊಳಗೆ ವಾಂತಿ ಮಾಡುತ್ತಾಳೆ. ಈ ಭಯಕ್ಕೇ ಎಲ್ಲಿಗೂ ಹೊರಡುತ್ತಿಲ್ಲ.

ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ, ಬೆಳೆಯುತ್ತ ಹೆಚ್ಚಿನವರಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಕಿವಿಯ ಒಳಗೆ ಸಮತೋಲನದ ಅಂಗವಿದೆ, ಅದು ‘ನಾವು ತಿರುಗುತ್ತಿದ್ದೇವೆ, ಓಲಾಡುತ್ತಿದ್ದೇವೆ’ ಎಂದು ಮೆದುಳಿಗೆ ಹೇಳುತ್ತದೆ. ಮಗು ನೋಡುತ್ತಿರುವುದು ಮುಂದಿನ ಸೀಟಿನ ಬೆನ್ನನ್ನೋ ಫೋನಿನ ಪರದೆಯನ್ನೋ ಆದರೆ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದಿರುವುದೇ ಹೊಟ್ಟೆ ತೊಳಸಲು ಕಾರಣ.

ಹಾಗಾಗಿ ಮೊದಲು ಕಣ್ಣಿಗೆ ದಾರಿ ಕಾಣುವಂತೆ ಮಾಡಿ. ಅವಳ ಎತ್ತರಕ್ಕೆ ತಕ್ಕ ಬೂಸ್ಟರ್ ಸೀಟಿನಲ್ಲಿ ಕೂರಿಸಿದರೆ ನೋಟ ಮೇಲೇರುತ್ತದೆ. ಹಿಂದಿನ ಸೀಟಿನ ನಡುವೆ ಭುಜದ ಮೇಲಿಂದ ಬರುವ ಬೆಲ್ಟ್ ಇದ್ದರೆ ಅದೇ ಒಳ್ಳೆಯ ಜಾಗ, ಎರಡು ಸೀಟುಗಳ ಮಧ್ಯದಿಂದ ನೇರ ರಸ್ತೆ ಕಾಣುತ್ತದೆ. ಫೋನು, ಚಿತ್ರ ಬಿಡಿಸುವುದು, ಓದುವುದು ಬೇಡ. ಕತೆ ಕೇಳಿಸಿ, ಹಾಡಿಸಿ, ದೂರದ ಗುಡ್ಡ, ಮರ, ಲಾರಿ ಎಣಿಸಲು ಹೇಳಿ.

ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು. ಹೊರಡುವುದಕ್ಕೆ ಒಂದು ಒಂದೂವರೆ ಗಂಟೆ ಮುಂಚೆ ಜಿಡ್ಡಿಲ್ಲದ ತಿಂಡಿ ಸ್ವಲ್ಪ ಕೊಡಿ. ಕಾರಿನ ಸುಗಂಧದ ಡಬ್ಬಿಯನ್ನು ಕಿತ್ತು ಹೊರಗಿಡಿ. ಏಸಿಯಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಫ್ ಮಾಡಿ, ಹೊರಗಿನ ಗಾಳಿ ಬರಲು ಬಿಡಿ. ಚಾಲಕರ ಪಾಲೂ ದೊಡ್ಡದಿದೆ: ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತದೆ ಸಮವಾಗಿ ಸಾಗಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ.

ವಾಂತಿಗೆ ಮುನ್ಸೂಚನೆ ಇದ್ದೇ ಇರುತ್ತದೆ. ಮಾತಾಡುತ್ತಿದ್ದ ಮಗು ಸುಮ್ಮನಾಗುತ್ತದೆ, ಮೇಲಿಂದ ಮೇಲೆ ಆಕಳಿಸುತ್ತದೆ, ಉಗುಳು ನುಂಗುತ್ತದೆ, ಮುಖ ಬಿಳಿಚಿ ಮೇಲ್ದುಟಿಯ ಮೇಲೆ ತಣ್ಣನೆಯ ಬೆವರು ಮೂಡುತ್ತದೆ. ಇದು ಕಂಡ ಕೂಡಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಇಳಿಸಿ, ಹತ್ತು ನಿಮಿಷ ನಡೆಸಿ. ‘ಇನ್ನೊಂದು ಐದು ಕಿಲೋಮೀಟರ್ ತಡಿ’ ಎಂದರೆ ಸೀಟು ತೊಳೆಯಬೇಕಾಗುತ್ತದೆ. ವಾಂತಿಯಾದರೆ ಬೈಯಬೇಡಿ, ಅವಳ ಕೈಯಲ್ಲಿರುವ ಸಂಗತಿಯಲ್ಲ ಅದು. ಬಾಯಿ ಮುಕ್ಕಳಿಸಿ, ನೀರನ್ನು ಗುಟುಕು ಗುಟುಕಾಗಿ ಕೊಡಿ. ಗಟ್ಟಿ ಚೀಲಗಳು, ಒದ್ದೆ ಬಟ್ಟೆ, ಒಂದು ಜೊತೆ ಉಡುಪು ಡಿಕ್ಕಿಯಲ್ಲಲ್ಲ, ಕೈಗೆಟಕುವ ಕಡೆ ಇರಲಿ.

ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ. ಪ್ರಮಾಣ ವಯಸ್ಸು ಮತ್ತು ತೂಕದ ಮೇಲಿದೆ. ಕೊಡುವುದಾದರೆ ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡಬೇಕು, ವಾಂತಿ ಶುರುವಾದ ಮೇಲೆ ನುಂಗಿಸಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಪ್ರಶ್ನೆ: ಎಂಟು ತಿಂಗಳ ಮಗುವನ್ನು ಹಿಂದಿನ ಸೀಟಿನಲ್ಲಿ ತಾಯಿ ಗಟ್ಟಿಯಾಗಿ ಹಿಡಿದು ಕೂತರೆ ಸಾಲದೇ? ಹೋಗುವುದು ಹತ್ತಿರಕ್ಕೇ.

ಸಾಲದು. ಕಾರು 50 ಕಿಲೋಮೀಟರ್ ವೇಗದಿಂದ ಗುದ್ದಿ ನಿಂತಾಗ ಮಗು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಹಾರುತ್ತದೆ. ಎಂಟು ಕಿಲೋ ಮಗು ಆ ಗಳಿಗೆಯಲ್ಲಿ ನೂರೈವತ್ತು-ಇನ್ನೂರು ಕಿಲೋ ಭಾರವಾಗುತ್ತದೆ, ಯಾವ ತಾಯಿಯ ತೋಳಿಗೂ ಅದು ನಿಲುಕದು. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿದರೆ ಇನ್ನೂ ಅಪಾಯ, ದೊಡ್ಡವರ ಮೈಭಾರ ಮಗುವಿನ ಮೇಲೆ ಬೀಳುತ್ತದೆ.

ಈ ವಯಸ್ಸಿಗೆ ಹಿಮ್ಮುಖದ ಮಕ್ಕಳ ಸೀಟು ಬೇಕು, ಹಿಂದಿನ ಸಾಲಿನಲ್ಲಿ. ಮುಂದೆ ಏರ್‌ಬ್ಯಾಗ್ ಚಾಲೂ ಇರುವ ಸೀಟಿನಲ್ಲಿ ಇದನ್ನು ಎಂದೂ ಕಟ್ಟಬಾರದು. ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಲು ಭುಜದ ಹತ್ತಿರ ಎರಡು ಬೆರಳಿನಲ್ಲಿ ಚಿವುಟಿ, ಪಟ್ಟಿಯ ಮಡಿಕೆ ಕೈಗೆ ಸಿಕ್ಕರೆ ಇನ್ನೂ ಸಡಿಲವಾಗಿದೆ. ದಪ್ಪ ಸ್ವೆಟರಿನ ಮೇಲೆ ಪಟ್ಟಿ ಹಾಕಬೇಡಿ, ಬಟ್ಟೆ ಅಮುಕಿ ಸಡಿಲವಾಗುತ್ತದೆ. ಪಟ್ಟಿ ಹಾಕಿ ಮೇಲೆ ಹೊದಿಸಿ. ಎರಡು ಗಂಟೆಗೊಮ್ಮೆ ಮಗುವನ್ನು ಎತ್ತಿಕೊಂಡು ಕೈಕಾಲು ಆಡಿಸಿ. ಸೀಟು ಇಲ್ಲದ ದಿನ ದಿಢೀರ್ ಪ್ರಯಾಣ ಬೇಡ.

ಪ್ರಶ್ನೆ: ಬೆಟ್ಟ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಮೆತ್ತಗಾದ ಹಾಗಾಯಿತು. ಕೆಳಗೆ ಬಂದ ಮೇಲೆ ಸರಿಹೋಯಿತು. ತೋರಿಸಬೇಕೇ?

ತೋರಿಸಲೇಬೇಕು, ಇಳಿಯುವ ಕ್ರಮವನ್ನೂ ಬದಲಿಸಬೇಕು. ತುಂಬಿದ ಕಾರು ಬೆಟ್ಟದ ಮೇಲಿಂದ ಕೆಳಗೆ ಬರುವಾಗ ಕಳೆಯಬೇಕಾದ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿಯೇ ಹೊರಹೋಗಬೇಕು. ಕಾಲನ್ನು ಪೆಡಲಿನ ಮೇಲೇ ಇಟ್ಟು ಹಗುರವಾಗಿ ಒತ್ತುತ್ತ ಬಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿಗೆ ತಣಿಯಲು ಬಿಡುವೇ ಸಿಗದೆ ಹಿಡಿತ ತಪ್ಪುತ್ತದೆ. ಅದಕ್ಕಿಂತ ಗಂಭೀರವಾದದ್ದು ದ್ರವದ ಕತೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆಯೇಳುತ್ತದೆ, ದ್ರವದಂತೆ ಗುಳ್ಳೆ ಒತ್ತಡ ಸಾಗಿಸುವುದಿಲ್ಲ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ನಿಮಗೆ ಮೆತ್ತಗೆ ಅನಿಸಿದ್ದು ಇದೇ ಇರಬಹುದು. ದ್ರವ ಬದಲಿಸಿ ಎರಡು ವರ್ಷ ಆಗಿದ್ದರೆ ಮೊದಲು ಅದನ್ನು ಮಾಡಿಸಿ, ಪ್ಯಾಡುಗಳನ್ನೂ ಬಿಚ್ಚಿ ನೋಡಿಸಿ.

ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಆ ದಾರಿಯನ್ನು ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಸಾಮಾನ್ಯವಾಗಿ ಎರಡು ಅಥವಾ ಮೂರು. ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ವೇಗ 40 ದಾಟಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ 30ಕ್ಕೆ ತಂದು ಕಾಲು ಪೂರ್ತಿ ತೆಗೆಯಿರಿ. ಆಟೊಮ್ಯಾಟಿಕ್ ಕಾರಿನಲ್ಲಿ ಡ್ರೈವ್‌ನಲ್ಲೇ ಬಿಡದೆ ಕೆಳಗಿನ ಗೇರಿಗೆ ಅಥವಾ ಮ್ಯಾನುಯಲ್ ವಿಧಾನಕ್ಕೆ ಹಾಕಿ. ಇಂಧನ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಗೇರಿನಲ್ಲಿದ್ದು ಕಾಲು ತೆಗೆದಾಗ ಈಗಿನ ಎಂಜಿನ್‌ಗಳು ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲಿನಲ್ಲಿ ಐಡಲ್ ಓಡಲು ಇಂಧನ ಸುಡುತ್ತಲೇ ಇರುತ್ತದೆ.

ಮತ್ತೆ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಬಿಸಿ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಓಡುವಾಗಲೇ ಪೆಡಲ್ ಕುಸಿದರೆ ಬೇಗ ಬೇಗ ಹಲವು ಸಲ ಒತ್ತಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಗುಂಡಿ ಅದುಮಿ ಹಿಡಿದೇ ಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾಮ್ ಆಗಿ ಕಾರು ತಿರುಗುತ್ತದೆ.

ಪ್ರಶ್ನೆ: ಊಟದ ನಂತರ ಸ್ಟಿಯರಿಂಗ್ ಮುಂದೆ ಕಣ್ಣು ಎಳೆಯುತ್ತದೆ. ಕಿಟಕಿ ತೆಗೆದು ಹಾಡು ಜೋರು ಮಾಡುತ್ತೇನೆ. ಇನ್ನೇನು ಮಾಡಬಹುದು?

ಅವೆರಡೂ ನಿದ್ದೆಯನ್ನು ತಡೆಯುವುದಿಲ್ಲ. 90 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ ಕಾರು 75 ಮೀಟರ್ ಯಾರೂ ನಡೆಸದೆ ಓಡಿರುತ್ತದೆ. ನಿಲ್ಲಿಸಿ, ಒಂದು ಕಪ್ ಕಾಫಿ ಕುಡಿದು ತಕ್ಷಣ ಹದಿನೈದು-ಇಪ್ಪತ್ತು ನಿಮಿಷದ ಅಲಾರಂ ಇಟ್ಟು ಮಲಗಿ. ಕೆಫೀನ್ ಕೆಲಸ ಶುರುಮಾಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಎರಡೂ ಒಟ್ಟಿಗೆ ಸೇರುತ್ತವೆ. ಅದಕ್ಕಿಂತ ಹೆಚ್ಚು ಮಲಗಿದರೆ ಎದ್ದಮೇಲೆ ಮಂಪರು ಹಿಡಿಯುತ್ತದೆ. ಮಧ್ಯಾಹ್ನ 2ರಿಂದ 4 ಮತ್ತು ಬೆಳಗಿನ ಜಾವ 2ರಿಂದ 6 ದೇಹ ತಾನಾಗಿಯೇ ಕುಗ್ಗುವ ಹೊತ್ತು, ಆಗ ಇನ್ನೊಬ್ಬರು ಓಡಿಸಲಿ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಆಗಿಲ್ಲದವರು ಆ ದಿನ ಚಾಲಕರಾಗಬಾರದು.

ಪ್ರಶ್ನೆ: ಪಂಕ್ಚರ್ ಆದಾಗ ನಟ್ಟು ಜಗ್ಗಲೇ ಇಲ್ಲ. ಜಾಕ್ ಏರಿಸಿ ಎಷ್ಟು ತಿರುಗಿಸಿದರೂ ಚಕ್ರವೇ ತಿರುಗುತ್ತಿತ್ತು.

ಕ್ರಮ ಹಿಂದುಮುಂದಾಗಿದೆ. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಆಮೇಲೆ ಜಾಕ್.

ಮೊದಲು ಎಲ್ಲರನ್ನೂ ಇಳಿಸಿ ರಸ್ತೆಯಿಂದಾಚೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಎಚ್ಚರಿಕೆಯ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ಹೆದ್ದಾರಿಯಲ್ಲಿ ಇನ್ನೂ ದೂರ. ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಕರ್ಣಕ್ಕೆ ಎದುರಿನ ಚಕ್ರಕ್ಕೆ ಕಲ್ಲು. ಸ್ಪ್ಯಾನರಿನ ಹಿಡಿ ನೆಲಕ್ಕೆ ಸಮನಾಗಿ ಎಡಕ್ಕೆ ಬರುವಂತೆ ತೂರಿಸಿ, ಕೈ ಬಿಟ್ಟು ಪಾದದಿಂದ ಕೆಳಕ್ಕೆ ಒತ್ತಿ. ಮೈಭಾರ ಬಿದ್ದರೆ ಹಟಮಾರಿ ನಟ್ಟೂ ಬಿಡುತ್ತದೆ. ಅಲಾಯ್ ಚಕ್ರಗಳಲ್ಲಿ ಒಂದು ನಟ್ಟಿಗೆ ಬೇರೆ ಕೀಲಿ ಇರಬಹುದು, ಅದು ಎಲ್ಲಿದೆ ಎಂದು ಇವತ್ತೇ ಹುಡುಕಿಡಿ. ನಟ್ಟೆಲ್ಲ ಬಂದರೂ ಚಕ್ರ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಎರಡೆರಡು ಸುತ್ತು ನಟ್ಟು ಹಾಕಿ ಜಾಕ್ ಇಳಿಸಿ, ಕಾರಿನ ಭಾರಕ್ಕೇ ಬಿಟ್ಟುಕೊಳ್ಳುತ್ತದೆ. ಸ್ಟೆಪ್ನಿ ಹಾಕಿ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಕೊನೆಯ ಬಿಗಿತ ಚಕ್ರ ನೆಲಕ್ಕೆ ತಾಗಿದ ಮೇಲೆ. 50 ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ಬಿಗಿಯಿರಿ. ಸ್ಟೆಪ್ನಿ ಉಳಿದವಕ್ಕಿಂತ ತೆಳ್ಳಗಿದ್ದರೆ ಅದರ ಮೇಲೆ ಬರೆದಿರುವ ವೇಗ ಮೀರಬೇಡಿ, ಹೆಚ್ಚಾಗಿ ಅದು 80.

ಪ್ರಶ್ನೆ: ಮಧುಮೇಹವಿರುವ ತಂದೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರೇ ಕುಡಿಯುವುದಿಲ್ಲ.

ನೀರು ಬಿಟ್ಟರೆ ಸಕ್ಕರೆ ಏರುಪೇರಾಗುತ್ತದೆ, ಕಾಲು ಮಡಚಿ ಕೂತಲ್ಲೇ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ‘ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇವೆ’ ಎಂದು ಮೊದಲೇ ಹೇಳಿ, ಹಾಗೆಯೇ ನಿಲ್ಲಿಸಿ. ಆ ನಂಬಿಕೆ ಬಂದರೆ ಅವರೇ ಕುಡಿಯುತ್ತಾರೆ. ಇನ್ಸುಲಿನ್ ಡ್ಯಾಶ್‌ಬೋರ್ಡಿನಲ್ಲೂ ಡಿಕ್ಕಿಯಲ್ಲೂ ಬೇಡ, ನಿಲ್ಲಿಸಿದ ಕಾರು ಬಿಸಿಲಿಗೆ ಒಲೆಯಂತಾಗುತ್ತದೆ. ತಂಪಿನ ಚೀಲದಲ್ಲಿ, ಮಂಜುಗಡ್ಡೆಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಇಳಿದಾಗ ಜೊತೆಗೇ ಒಯ್ಯಿರಿ. ಊಟ ತಡವಾಗಿ ಬೆವರು, ನಡುಕ, ತಬ್ಬಿಬ್ಬು ಕಂಡರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಮಾತ್ರೆಗಳು ಎರಡು ದಿನಕ್ಕೆ ಹೆಚ್ಚಿಗೆ ಇರಲಿ.

ಪ್ರಶ್ನೆ: ರೂಮು ಸಿಗದಿದ್ದರೆ ಕಾರಿನಲ್ಲೇ ಮಲಗಬಹುದೇ?

ದೀಪ, ಜನ ಇರುವ ವಿಶ್ರಾಂತಿ ತಾಣದಲ್ಲಿ, ಎಂಜಿನ್ ಆರಿಸಿ, ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದು ಮಲಗಬಹುದು. ಏಸಿಗಾಗಿ ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಮಧ್ಯಾಹ್ನ 4ರೊಳಗೆ ಫೋನ್ ಮಾಡಿ ರೂಮು ಹುಡುಕಿಕೊಂಡರೆ ಈ ಪರಿಸ್ಥಿತಿಯೇ ಬರದು.

ಪ್ರಶ್ನೆ: ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಹುದೇ?

ಐದು ಜನರ ಉಸಿರಿನ ತೇವ ತಣ್ಣಗಿನ ಗಾಜಿಗೆ ಕೂರುವುದೇ ಮಸುಕು. ಏಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಮಾಡಿ. ಕೈಯಿಂದ ಒರೆಸಿದರೆ ಜಿಡ್ಡು ಹತ್ತಿ ರಾತ್ರಿ ಎದುರಿನ ದೀಪ ಹರಡಿ ಕಾಣುತ್ತದೆ. ಮುಂದಿನ ವಾಹನ ದಾಟಿದ ಕಂಬವನ್ನು ನೀವು ದಾಟಲು ನಾಲ್ಕು ಸೆಕೆಂಡ್ ಆದರೂ ಇರಲಿ.

ಹರಿಯುವ ನೀರಿಗೆ ಇಳಿಯಬೇಡಿ. ಒಂದಡಿ ನೀರು ಬಹಳಷ್ಟು ಕಾರುಗಳನ್ನು ತೇಲಿಸಬಲ್ಲದು, ಎರಡಡಿ ನೀರು ದೊಡ್ಡ ಗಾಡಿಗಳನ್ನೂ ಒಯ್ಯುತ್ತದೆ, ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ನಿಂತ ನೀರಿನಲ್ಲಿ ಎಂಜಿನ್ ಆರಿತೆಂದರೆ ಮತ್ತೆ ಕೀಲಿ ತಿರುಗಿಸಬೇಡಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ನಿಗೆ ಅದನ್ನು ಅಮುಕಲಾಗದೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಎಂಬ ಸರಳು ಬಾಗುತ್ತದೆ. ಮನೆಮಂದಿಯನ್ನು ಎತ್ತರದ ಜಾಗಕ್ಕೆ ಕಳಿಸಿ, ಕಾರನ್ನು ತಳ್ಳಿಸಿ ಹೊರತಂದು, ಎಳೆಯುವ ಗಾಡಿಗೆ ಫೋನ್ ಮಾಡಿ.